ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಲೈವ್ ತಡವರಿಸಿದರೆ

ಜಿಟಿಎಕ್ಸ್ 1050 ಟಿಐ ತೆಗೆದು ಆರ್‌ಟಿಎಕ್ಸ್ 3060 ಹಾಕಿದ್ದಾಯಿತು. ನಿಮ್ಮ ಪರದೆಯ ಮೇಲೆ ಗೇಮ್ ಎಲ್ಲೂ ತಡೆಯಿಲ್ಲದೆ ಓಡುತ್ತಿದೆ. ಅತ್ತ ಗದಗಿನಲ್ಲಿ ಕೂತು ಯೂಟ್ಯೂಬಿನಲ್ಲಿ ನೋಡುತ್ತಿರುವ ಗೆಳೆಯ ಮೆಸೇಜ್ ಹಾಕುತ್ತಾನೆ: "ದೋಸ್ತ, ಪಿಕ್ಚರ್ ನಿಂತ್ ನಿಂತ್ ಬರಾಕತ್ತೈತಿ." ಹಳೆ ಕಾರ್ಡಿನಲ್ಲಿ ಹೀಗಾಗುತ್ತಿರಲಿಲ್ಲ. ಕಾರ್ಡೇ ಕೆಟ್ಟದ್ದು ಬಂತೇನೋ ಎಂಬ ಅನುಮಾನ ಮೊದಲು ಬರುವುದು ಸಹಜ. ಆದರೆ ಬಹುತೇಕ ಸಲ ಕಾರ್ಡಿನಲ್ಲಿ ದೋಷ ಇರುವುದಿಲ್ಲ. ಕಾರ್ಡ್ ಬದಲಾದಾಗ ಅದರ ಸುತ್ತಲಿನ ಲೆಕ್ಕವೂ ಬದಲಾಗುತ್ತದೆ: ಪ್ರೊಸೆಸರಿನ ಮೇಲೆ ಬೀಳುವ ಭಾರ, ಲೈವ್ ಕಳಿಸುವ ತಂತ್ರಾಂಶವಾದ ಒಬಿಎಸ್ ಹುಡುಕುವ ಎನ್‌ಕೋಡರ್ (ಚಿತ್ರವನ್ನು ಒತ್ತಿ ಚಿಕ್ಕದಾಗಿಸುವ ಭಾಗ), ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ ಆದ ಎಸ್‌ಎಂಪಿಎಸ್ ಕೊಡಬೇಕಾದ ಕರೆಂಟು, ಯುಪಿಎಸ್ ಹೊರಬೇಕಾದ ಲೋಡು. ಇವುಗಳಲ್ಲಿ ಯಾವುದು ಸೋತಿದೆ ಎಂದು ಗೊತ್ತಾಗುವ ತನಕ ಒಂದು ಸೆಟ್ಟಿಂಗನ್ನೂ ಮುಟ್ಟಬಾರದು.

ಖಾನಾವಳಿಯ ಅಡಿಗೆಮನೆಯನ್ನು ನೆನೆಸಿಕೊಳ್ಳಿ. ಒಬ್ಬರು ರೊಟ್ಟಿ ಬಡಿಯುತ್ತಾರೆ, ಒಬ್ಬರು ಹಂಚಿನ ಮೇಲೆ ಬೇಯಿಸುತ್ತಾರೆ, ಇನ್ನೊಬ್ಬರು ಒಯ್ದು ಬಡಿಸುತ್ತಾರೆ. ಲೈವ್‌ನಲ್ಲೂ ಪ್ರತಿ ಫ್ರೇಮ್ ಹೀಗೆ ಮೂರು ಕೈ ದಾಟುತ್ತದೆ. ಗೇಮಿನ ಚಿತ್ರ, ನಿಮ್ಮ ಕ್ಯಾಮೆರಾ, ಚಾಟ್ ಪೆಟ್ಟಿಗೆ ಎಲ್ಲವನ್ನೂ ಒಬಿಎಸ್ ಒಂದೇ ಚಿತ್ರವಾಗಿ ಜೋಡಿಸುವುದು ರೆಂಡರಿಂಗ್. ಆ ಚಿತ್ರವನ್ನು ಒತ್ತಿ ಚಿಕ್ಕದಾಗಿಸುವುದು ಎನ್‌ಕೋಡಿಂಗ್. ಒತ್ತಿದ್ದನ್ನು ಯೂಟ್ಯೂಬ್ ಅಥವಾ ಟ್ವಿಚ್ ಸರ್ವರಿಗೆ ಮುಟ್ಟಿಸುವುದು ನೆಟ್‌ವರ್ಕ್. ಸೆಕೆಂಡಿಗೆ 60 ಫ್ರೇಮ್ ಎಂದರೆ ಪ್ರತಿ ಫ್ರೇಮಿಗೆ ಸಿಗುವ ಹೊತ್ತು 16.7 ಮಿಲಿಸೆಕೆಂಡು ಮಾತ್ರ. ಊಟಕ್ಕೆ ಕೂತವರಿಗೆ ಕಾಣುವುದು ತಾಟಿಗೆ ರೊಟ್ಟಿ ಬರಲಿಲ್ಲ ಎಂಬುದಷ್ಟೇ. ಮೂವರಲ್ಲಿ ತಡ ಮಾಡಿದವರು ಯಾರು ಎಂದು ತಿಳಿಯಲು ಒಳಗೆ ಹೋಗಿ ನೋಡಬೇಕು.

ಮೂರು ಎಣಿಕೆ

ಒಳಗೆ ನೋಡುವ ಕಿಟಕಿಯನ್ನು ಒಬಿಎಸ್ ಸ್ಟುಡಿಯೋ ತಾನೇ ಕೊಟ್ಟಿದೆ. ವ್ಯೂ ಮೆನುವಿನಲ್ಲಿ ಸ್ಟ್ಯಾಟ್ಸ್ ತೆರೆಯಿರಿ. "ಫ್ರೇಮ್ಸ್ ಮಿಸ್ಡ್ ಡ್ಯೂ ಟು ರೆಂಡರಿಂಗ್ ಲ್ಯಾಗ್", "ಸ್ಕಿಪ್ಡ್ ಫ್ರೇಮ್ಸ್ ಡ್ಯೂ ಟು ಎನ್‌ಕೋಡಿಂಗ್ ಲ್ಯಾಗ್", ಅದರ ಕೆಳಗಿನ ಪಟ್ಟಿಯಲ್ಲಿ "ಡ್ರಾಪ್ಡ್ ಫ್ರೇಮ್ಸ್, ನೆಟ್‌ವರ್ಕ್" ಎಂದು ಮೂರು ಲೆಕ್ಕಗಳಿವೆ. ರಿಸೆಟ್ ಒತ್ತಿ ಸೊನ್ನೆಯಿಂದ ಶುರು ಮಾಡಿ. ಲೈವ್ ಹೋಗದೆ, ಅದೇ ಎನ್‌ಕೋಡರಿನಲ್ಲಿ, ನೀವು ದಿನಾ ಆಡುವ ಗೇಮನ್ನೇ ಹತ್ತು ನಿಮಿಷ ಆಡುತ್ತ ರೆಕಾರ್ಡ್ ಮಾಡಿ. ರೆಕಾರ್ಡಿಂಗೇ ತಡವರಿಸುತ್ತಿದ್ದರೆ ಇಂಟರ್ನೆಟ್ಟಿನವರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ, ತೊಂದರೆ ನಿಮ್ಮ ಕ್ಯಾಬಿನೆಟ್ಟಿನೊಳಗೇ ಇದೆ.

ಗೇಮ್ ಲೋಡ್ ಆಗುವಾಗ ಅಥವಾ ಆಲ್ಟ್ ಟ್ಯಾಬ್ ಒತ್ತಿದಾಗ ಹತ್ತಿಪ್ಪತ್ತು ಫ್ರೇಮ್ ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಆಟದ ನಡುವೆ ಸಂಖ್ಯೆ ಏರುತ್ತಲೇ ಹೋಗುತ್ತಿದ್ದರೆ ಅದೇ ರೋಗ. ಮೂರೂ ಸೊನ್ನೆ ಇದ್ದು ನೋಡುವವರಿಗೆ ಮಾತ್ರ ಎಳೆದಾಡಿದಂತೆ ಕಂಡರೆ, ಗೇಮ್ 144 ಅಥವಾ 97 ಫ್ರೇಮಿನಲ್ಲಿ ಓಡುತ್ತಿದೆ, ಲೈವ್ 60ರಲ್ಲಿದೆ, ಎರಡಕ್ಕೂ ತಾಳ ಕೂಡುತ್ತಿಲ್ಲ ಎಂದರ್ಥ. ಗೇಮನ್ನು 60ಕ್ಕೋ 120ಕ್ಕೋ ಕಟ್ಟಿ ನೋಡಿ.

ರೊಟ್ಟಿ ಬಡಿಯುವಲ್ಲಿ ತಡ

ರೆಂಡರಿಂಗ್ ಲ್ಯಾಗ್ ಏರುತ್ತಿದ್ದರೆ ಕಾರಣ ಬಹುತೇಕ ಒಂದೇ: ಗೇಮ್ ಕಾರ್ಡನ್ನು ಪೂರ್ತಿ ತಿಂದು ಒಬಿಎಸ್‌ಗೆ ಏನೂ ಉಳಿಸಿಲ್ಲ. ಹಳೆ ಕಾರ್ಡಿನಲ್ಲಿ ಎಲ್ಲವನ್ನೂ ಲೋ ಇಟ್ಟು 60 ಫ್ರೇಮಿಗೆ ಕಟ್ಟಿ ಆಡುತ್ತಿದ್ದವರು, ಹೊಸದು ಬಂದ ದಿನವೇ ಅಲ್ಟ್ರಾ ಮಾಡಿ ಮಿತಿ ತೆಗೆಯುತ್ತಾರೆ. ಮಿತಿ ಇಲ್ಲದ ಗೇಮ್ ಎಷ್ಟು ದೊಡ್ಡ ಕಾರ್ಡ್ ಕೊಟ್ಟರೂ 99 ಪರ್ಸೆಂಟ್ ಬಳಸುತ್ತದೆ. ಚಿತ್ರ ಜೋಡಿಸಲು ಒಬಿಎಸ್‌ಗೂ ಅದೇ ಕಾರ್ಡ್ ಬೇಕು, ಸರದಿ ಬರುವಷ್ಟರಲ್ಲಿ 16.7 ಮಿಲಿಸೆಕೆಂಡು ದಾಟಿರುತ್ತದೆ.

ಆದ್ದರಿಂದ ಗೇಮಿನ ಒಳಗೇ ಫ್ರೇಮ್ ಮಿತಿ ಹಾಕಿ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು (ಅಂದರೆ ಗ್ರಾಫಿಕ್ಸ್ ಕಾರ್ಡ್) ಆರಿಸಿ ತ್ರೀಡಿ ಗ್ರಾಫ್ ನೋಡುತ್ತ, ಅದು 90ರ ಆಸುಪಾಸಿನಲ್ಲಿ ನಿಲ್ಲುವಷ್ಟು ಮಿತಿ ಇಳಿಸಿ. ಒಬಿಎಸ್ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಕೊಟ್ಟರೆ ವಿಂಡೋಸ್ ಅದಕ್ಕೆ ಕಾರ್ಡಿನಲ್ಲಿ ಮುಂಚಿನ ಸರದಿ ಕೊಡುತ್ತದೆ. ಈ ಒಂದು ಕ್ಲಿಕ್ಕಿನಿಂದಲೇ ಸರಿಹೋಗುವ ಲೈವ್‌ಗಳು ಬಹಳ. ವಿಂಡೋಸಿನ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿರುವ ಹಾರ್ಡ್‌ವೇರ್ ಆ್ಯಕ್ಸಿಲರೇಟೆಡ್ ಜಿಪಿಯು ಶೆಡ್ಯೂಲಿಂಗ್ ಅನ್ನು ಒಮ್ಮೆ ಆನ್, ಒಮ್ಮೆ ಆಫ್ ಮಾಡಿ, ಪ್ರತಿ ಸಲ ರೀಸ್ಟಾರ್ಟ್ ಮಾಡಿ, ಎಣಿಕೆ ಹೋಲಿಸಿ. ಕೆಲವು ಯಂತ್ರಗಳಲ್ಲಿ ಒಂದು ಹಿತ, ಕೆಲವುಗಳಲ್ಲಿ ಇನ್ನೊಂದು. ನಡುವಿನ ಫ್ರೇಮುಗಳನ್ನು ಕಾರ್ಡೇ ಸೃಷ್ಟಿಸುವ ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಷನ್ ಬಳಸುವವರಿಗೆ ಮಾತ್ರ ಅದು ಆನ್ ಇರಲೇಬೇಕು.

ಕಾರ್ಡ್ ಕೂತ ಜಾಗವನ್ನೂ ಒಮ್ಮೆ ನೋಡಿ. ಮದರ್‌ಬೋರ್ಡಿನಲ್ಲಿ ಪ್ರೊಸೆಸರಿಗೆ ಹತ್ತಿರದ, ಮೇಲಿನ ಉದ್ದನೆಯ ಸ್ಲಾಟಿನಲ್ಲೇ ಅದು ಇರಬೇಕು. ಕೆಳಗಿನದ್ದು ನೋಡಲು ಅಷ್ಟೇ ಉದ್ದ ಇದ್ದರೂ ಎಷ್ಟೋ ಬೋರ್ಡುಗಳಲ್ಲಿ ಅದಕ್ಕೆ ನಾಲ್ಕೇ ಲೇನ್, ಅಂದರೆ ಮಾಹಿತಿ ಓಡಾಡಲು ನಾಲ್ಕೇ ದಾರಿ. ಜಿಪಿಯು ಜೆಡ್ ಎಂಬ ಉಚಿತ ತಂತ್ರಾಂಶದಲ್ಲಿ ಬಸ್ ಇಂಟರ್‌ಫೇಸ್ ಸಾಲು ಇದನ್ನು ಹೇಳುತ್ತದೆ. ಆದರೆ ಸುಮ್ಮನಿದ್ದಾಗ ಕಾರ್ಡ್ ವೇಗ ಇಳಿಸಿಕೊಂಡು 1.1 ಎಂದು ತೋರಿಸುತ್ತದೆ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿದ ಮೇಲಿನ ಅಂಕಿಯನ್ನೇ ನಂಬಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಂಡವರಿಗೂ ಈ ತಂತ್ರಾಂಶ ಬೇಕು. ಹಳೆ ಚಿಪ್ಪಿಗೆ ಹೊಸ ಹೆಸರು ಬರೆದು ಮಾರಿದ ಎನ್ವಿಡಿಯಾ ಕಾರ್ಡುಗಳಿಗೆ ಅದು ಹೆಸರಿನ ಮುಂದೆಯೇ ಫೇಕ್ ಎಂದು ತೋರಿಸುತ್ತದೆ. ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಅಂಗಡಿಯಲ್ಲಾಗಲಿ, ಪರಿಚಯದವರ ಮನೆಯಲ್ಲಾಗಲಿ, ದುಡ್ಡು ಎಣಿಸಿ ಕೊಡುವ ಮುಂಚೆ ಈ ಎರಡು ನಿಮಿಷದ ಪರೀಕ್ಷೆ ಮಾಡಿಸಿ.

ಹಂಚಿನ ಮೇಲೆ ತಡ

ಕಾರ್ಡ್ ಬದಲಾದ ಮೇಲಿನ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಎನ್‌ಕೋಡಿಂಗ್‌ನಲ್ಲಿ. ಚಿತ್ರ ಒತ್ತುವ ಕೆಲಸವನ್ನು ಪ್ರೊಸೆಸರಿನಿಂದಲೂ ಮಾಡಿಸಬಹುದು, ಅದು ಎಕ್ಸ್264. ಕಾರ್ಡಿನಲ್ಲೇ ಇರುವ ಪ್ರತ್ಯೇಕ ಘಟಕದಿಂದಲೂ ಮಾಡಿಸಬಹುದು. ಆ ಘಟಕಕ್ಕೆ ಎನ್ವಿಡಿಯಾದಲ್ಲಿ ಎನ್‌ವಿಎನ್‌ಸಿ ಎಂದು ಹೆಸರು, ಇಂಟೆಲ್‌ನಲ್ಲಿ ಕ್ವಿಕ್ ಸಿಂಕ್, ಎಎಂಡಿ ಕಾರ್ಡಿನ ಘಟಕ ಒಬಿಎಸ್‌ನಲ್ಲಿ ಎಎಂಡಿ ಎಚ್‌ಡಬ್ಲ್ಯೂ ಎಂದು ಕಾಣುತ್ತದೆ. ಗೇಮ್ ಬಿಡಿಸುವ ಕೋರುಗಳಿಗಿಂತ ಇದು ಬೇರೆಯೇ ಆದ್ದರಿಂದ, ಖಾನಾವಳಿಗೆ ಇನ್ನೊಂದು ಹಂಚು ಸಿಕ್ಕಂತೆ.

ಹೊಸ ಕಾರ್ಡ್ ಬಂದ ಮೇಲೆ ಲೈವ್ ಮೊದಲಿಗಿಂತ ಕೆಡುವುದು ಹೇಗೆ ಎಂದು ಇಲ್ಲಿ ತಿಳಿಯುತ್ತದೆ. ಹಳೆಯ ಸೆಟಪ್ಪಿನಲ್ಲಿ ಎಕ್ಸ್264 ಇತ್ತು, ಅದು ಹಾಗೇ ಉಳಿದಿದೆ. ಮೊದಲು ಗೇಮ್ 60 ಫ್ರೇಮ್ ಕೊಡುತ್ತಿತ್ತು, ಈಗ 140 ಕೊಡುತ್ತದೆ. ಪ್ರತಿ ಫ್ರೇಮಿನ ಹಿಂದಿನ ಲೆಕ್ಕ ಮಾಡಿ ಕಾರ್ಡಿಗೆ ಒಪ್ಪಿಸುವುದು ಪ್ರೊಸೆಸರೇ ಆದ್ದರಿಂದ ಅದರ ಕೆಲಸ ಎರಡು ಪಟ್ಟಿಗೂ ಹೆಚ್ಚಾಯಿತು. ಅದೇ ಪ್ರೊಸೆಸರ್ ಲೈವನ್ನೂ ಒತ್ತಬೇಕು. ಬಡಿಯುವವರ ಕೈ ಜೋರಾಯಿತು, ಹಂಚು ಮಾತ್ರ ಹಳೆಯದೇ, ಹಸಿ ರೊಟ್ಟಿ ರಾಶಿ ಬಿತ್ತು. "ಎನ್‌ಕೋಡಿಂಗ್ ಓವರ್‌ಲೋಡೆಡ್" ಎಂಬ ಸಂದೇಶ ಕೆಳಗಿನ ಪಟ್ಟಿಯಲ್ಲಿ ಬರುವುದು ಆಗಲೇ.

ಸೆಟ್ಟಿಂಗ್ಸ್, ಔಟ್‌ಪುಟ್, ಮೋಡನ್ನು ಅಡ್ವಾನ್ಸ್ಡ್ ಮಾಡಿ. ಸ್ಟ್ರೀಮಿಂಗ್ ಪುಟದಲ್ಲಿ ವಿಡಿಯೋ ಎನ್‌ಕೋಡರನ್ನು ಎನ್‌ವಿಎನ್‌ಸಿ ಎಚ್.264ಕ್ಕೆ ಬದಲಿಸಿ. ರೆಕಾರ್ಡಿಂಗ್ ಪುಟದಲ್ಲಿ ಎನ್‌ಕೋಡರ್ ಬೇರೆಯಾಗಿ ಇರುತ್ತದೆ, ಅದನ್ನೂ ನೋಡಿ. ಸ್ಟ್ರೀಮನ್ನು ಹೊಸ ಎನ್‌ಕೋಡರಿಗೆ ಬದಲಿಸಿ ರೆಕಾರ್ಡಿಂಗನ್ನು ಎಕ್ಸ್264ನಲ್ಲೇ ಬಿಟ್ಟರೆ ತೊಂದರೆ ಅರ್ಧ ಉಳಿದಂತೆಯೇ. ರೇಟ್ ಕಂಟ್ರೋಲ್ ಸಿಬಿಆರ್, ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಮಾಹಿತಿಯ ಪ್ರಮಾಣ) 6000 ಕೆಬಿಪಿಎಸ್, ಕೀಫ್ರೇಮ್ ಇಂಟರ್ವಲ್ 2 ಸೆಕೆಂಡು, ಪ್ರೀಸೆಟ್ ಪಿ5, ಬಿ ಫ್ರೇಮ್ 2 ಇಟ್ಟು ಶುರು ಮಾಡಿ. ಕೀಫ್ರೇಮನ್ನು 0 ಬಿಟ್ಟರೆ ಅದು ಆಟೋ ಆಗುತ್ತದೆ, ಲೈವ್‌ಗೆ 2 ಎಂದೇ ಬರೆಯುವುದು ಒಳ್ಳೆಯದು. ಲುಕ್ ಅಹೆಡ್ ಮತ್ತು ಸೈಕೋ ವಿಶುವಲ್ ಟ್ಯೂನಿಂಗ್ ಎಂಬ ಎರಡು ಆಯ್ಕೆಗಳು ಪ್ರತ್ಯೇಕ ಘಟಕವನ್ನಷ್ಟೇ ಅಲ್ಲ, ಗೇಮ್ ಬಳಸುವ ಕೋರುಗಳನ್ನೂ ಕೇಳುತ್ತವೆ. ಕಾರ್ಡ್ ತುಂಬಿ ಓಡುವ ಗೇಮುಗಳಲ್ಲಿ ಮೊದಲು ತೆಗೆಯಬೇಕಾದವು ಇವೇ. ಆಮೇಲೂ ಭಾರವಾದರೆ ಪಿ5ರಿಂದ ಪಿ4ಕ್ಕೆ ಇಳಿಯಿರಿ.

ಕಂಪನಿ ಬದಲಾದಾಗ ತೊಂದರೆಯ ರೂಪ ಬೇರೆ. ಎನ್ವಿಡಿಯಾ ತೆಗೆದು ಎಎಂಡಿ ಹಾಕಿದ್ದೀರಿ, ಒಬಿಎಸ್ ಸೆಟ್ಟಿಂಗುಗಳನ್ನು ಉಳಿಸಿಟ್ಟ ಪ್ರೊಫೈಲು ಇನ್ನೂ ಎನ್‌ವಿಎನ್‌ಸಿಯನ್ನೇ ಹುಡುಕುತ್ತದೆ, ಸ್ಟಾರ್ಟ್ ಸ್ಟ್ರೀಮಿಂಗ್ ಒತ್ತಿದರೆ ಎರರ್ ಬರುತ್ತದೆ. ಹೊಸ ಪ್ರೊಫೈಲು ಮಾಡಿ ಎನ್‌ಕೋಡರನ್ನು ಮತ್ತೆ ಆರಿಸಿದರೆ ಸಾಕು. ಸೀನುಗಳು ಬೇರೆ ಕಡೆ ಉಳಿದಿರುತ್ತವೆ, ಕಳೆದುಹೋಗುವುದಿಲ್ಲ.

ಈಗ ಅಂಗಡಿಯವರು ಬಾಯಿ ಬಿಟ್ಟು ಹೇಳದ ಮಾತು. ಹೊಸ ಕಾರ್ಡ್ ಎಂದ ಮಾತ್ರಕ್ಕೆ ಅದರಲ್ಲಿ ಎನ್‌ಕೋಡರ್ ಇದ್ದೇ ಇರುತ್ತದೆ ಎಂದೇನಿಲ್ಲ. ಎಎಂಡಿಯ ಆರ್‌ಎಕ್ಸ್ 6400 ಮತ್ತು ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡುಗಳಲ್ಲಿ ಲೈವ್ ಒತ್ತುವ ಘಟಕವೇ ಇಲ್ಲ. ಎನ್ವಿಡಿಯಾದ ಜಿಟಿ 1030ರಲ್ಲೂ ಇಲ್ಲ. 6500 ಎಕ್ಸ್‌ಟಿ ಬರೀ ನಾಲ್ಕು ಲೇನಿನ ಕಾರ್ಡ್ ಕೂಡ, ಕಾರ್ಡಿನ ಸ್ಲಾಟು ಹಳೆ ಪೀಳಿಗೆಯ ಪಿಸಿಐಇ 3.0 ಆಗಿರುವ ಬೋರ್ಡಿನಲ್ಲಿ ಅದಕ್ಕೆ ಸಿಗುವ ದಾರಿ ಅರ್ಧಕ್ಕಿಳಿಯುತ್ತದೆ. ಬೆಲೆ ಕಡಿಮೆ ಎಂದು ಲೈವ್‌ಗಾಗಿ ಇವನ್ನು ಕೊಳ್ಳುವುದು ನಷ್ಟ. ಈಗಾಗಲೇ ಕೊಂಡಿದ್ದರೆ ಒಂದು ದಾರಿ ಉಂಟು: ನಿಮ್ಮ ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಅಕ್ಷರ ಇಲ್ಲದಿದ್ದರೆ ಅದರೊಳಗೆ ಸಾಮಾನ್ಯವಾಗಿ ಕ್ವಿಕ್ ಸಿಂಕ್ ಇರುತ್ತದೆ. ಬಯಾಸಿನಲ್ಲಿ ಒಳಗಿನ ಗ್ರಾಫಿಕ್ಸ್ ಆನ್ ಮಾಡಿ, ಅದರ ಡ್ರೈವರ್ ಹಾಕಿ, ಒಬಿಎಸ್‌ನಲ್ಲಿ ಕ್ವಿಕ್ ಸಿಂಕ್ ಆರಿಸಿ.

ಆರ್‌ಟಿಎಕ್ಸ್ 40, ಆರ್‌ಎಕ್ಸ್ 7000, ಇಂಟೆಲ್ ಆರ್ಕ್ ಸರಣಿಗಳಲ್ಲಿ ಎವಿ1 ಎಂಬ ಹೊಸ ವಿಧಾನದಲ್ಲಿ ಚಿತ್ರ ಒತ್ತುವ ಎನ್‌ಕೋಡರ್ ಇದೆ. ಅದೇ ಬಿಟ್‌ರೇಟಿನಲ್ಲಿ ಎಚ್.264ಗಿಂತ ಚೊಕ್ಕ ಚಿತ್ರ ಕೊಡುತ್ತದೆ, ಯೂಟ್ಯೂಬ್ ಅದನ್ನು ಸ್ವೀಕರಿಸುತ್ತದೆ. ಅಪ್‌ಲೋಡ್ ಕಡಿಮೆ ಇರುವ ಊರುಗಳವರಿಗೆ ಇದು ನಿಜವಾದ ಲಾಭ. 3060ರಲ್ಲಿ ಎವಿ1 ನೋಡಬಹುದು, ಒತ್ತಲು ಬರುವುದಿಲ್ಲ.

ಡ್ರೈವರ್ ತೊಳೆಯುವುದು

ಹಳೆ ಡ್ರೈವರಿನ ಚೂರುಗಳು ಉಳಿದರೆ ಎನ್‌ಕೋಡರ್ ತೆರೆಯದಿರುವುದು, ನಡುನಡುವೆ ಪರದೆ ಕಪ್ಪಾಗುವುದು ಉಂಟು. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶ, ಹೊಸ ಕಾರ್ಡಿನ ಡ್ರೈವರ್, ಎರಡನ್ನೂ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಸೇಫ್ ಮೋಡಿನಲ್ಲಿ ಪಿನ್ ನಡೆಯದೆ ಇರಬಹುದು, ಪಾಸ್‌ವರ್ಡ್ ನೆನಪಿರಲಿ. ಆಮೇಲೆ ಲ್ಯಾನ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಈ ಹೆಜ್ಜೆ ಬಿಟ್ಟರೆ ನೀವು ತೊಳೆದ ಜಾಗಕ್ಕೆ ವಿಂಡೋಸ್ ಅಪ್‌ಡೇಟ್ ತನ್ನದೊಂದು ಡ್ರೈವರ್ ತಂದು ಹಾಕುತ್ತದೆ. ಶಿಫ್ಟ್ ಹಿಡಿದು ರೀಸ್ಟಾರ್ಟ್, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಮತ್ತೆ ರೀಸ್ಟಾರ್ಟ್, ಆಮೇಲೆ 4 ಒತ್ತಿದರೆ ಸೇಫ್ ಮೋಡ್. ತಂತ್ರಾಂಶದಲ್ಲಿ ಜಿಪಿಯು ಆರಿಸಿ, ಹಳೆ ಕಾರ್ಡಿನ ಕಂಪನಿ ಆರಿಸಿ, ಕ್ಲೀನ್ ಆ್ಯಂಡ್ ರೀಸ್ಟಾರ್ಟ್ ಕೊಡಿ. ಹೊಸ ಡ್ರೈವರ್ ಹಾಕಿ, ಇನ್ನೊಮ್ಮೆ ರೀಸ್ಟಾರ್ಟ್ ಆದ ಮೇಲೆಯೇ ನೆಟ್ ಜೋಡಿಸಿ.

ಕರೆಂಟಿನ ಲೆಕ್ಕ

ಲೈವ್ ನಡುವೆ ಇಡೀ ಯಂತ್ರವೇ ಆರಿಹೋದರೆ ಒಬಿಎಸ್ ಹತ್ತಿರ ಉತ್ತರ ಇಲ್ಲ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಮನೆಗಳಲ್ಲಿ ಕಂಪ್ಯೂಟರಿನ ಕೆಳಗೆ 600 ವಿಎ ಯುಪಿಎಸ್ ಇರುವುದು ಸಾಮಾನ್ಯ. 600 ಎಂದು ದೊಡ್ಡದಾಗಿ ಬರೆದಿದ್ದರೂ ಅದು ಹೊರುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಲೆಕ್ಕ ಹಾಕಿ ನೋಡಿ. 1050 ಟಿಐ 75 ವ್ಯಾಟ್, ಪ್ರೊಸೆಸರ್ 100, ಬೋರ್ಡು, ರ‍್ಯಾಮ್, ಫ್ಯಾನು ಸೇರಿ 45, ಒಟ್ಟು 220. ಎಸ್‌ಎಂಪಿಎಸ್ ತನ್ನಲ್ಲೇ 15 ಪರ್ಸೆಂಟ್ ಕಳೆಯುತ್ತದೆ ಎಂದುಕೊಂಡರೆ ಗೋಡೆಯಿಂದ ಎಳೆಯುವುದು 260ರ ಹತ್ತಿರ. ಮಾನಿಟರ್ ಮತ್ತು ರೌಟರಿಗೆ 35 ಕೂಡಿಸಿ, 295. ಯುಪಿಎಸ್ ತಡೆಯುತ್ತಿತ್ತು. ಈಗ 75ರ ಜಾಗದಲ್ಲಿ 3060ರ 170 ಬಂದಿತು. ಅದೇ ಲೆಕ್ಕದಲ್ಲಿ ಒಟ್ಟು 405 ಆಗುತ್ತದೆ. ಕರೆಂಟು ಇರುವ ತನಕ ಏನೂ ಗೊತ್ತಾಗದೆ ಇರಬಹುದು. ಅರ್ಧ ಸೆಕೆಂಡು ಮಿಣುಕಿದರೂ ಯುಪಿಎಸ್ ಬ್ಯಾಟರಿಗೆ ಹೋಗಿ, ಲೋಡು ತಡೆಯದೆ ಕೂಗಿ ಆರುತ್ತದೆ. ಹೊಸ ಬ್ಯಾಟರಿ ಹಾಕಿಸಿ ಸುಮ್ಮನೆ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಕೊರತೆ ಇರುವುದು ವ್ಯಾಟಿನಲ್ಲಿ, 600 ವ್ಯಾಟ್ ಅಥವಾ ಹೆಚ್ಚು ಹೊರುವ ಯುಪಿಎಸ್ ಬೇಕು. ಸಾಧ್ಯವಾದರೆ ಪ್ಯೂರ್ ಸೈನ್ ವೇವ್ ಕೊಳ್ಳಿ. ಆ್ಯಕ್ಟಿವ್ ಪಿಎಫ್‌ಸಿ ಇರುವ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಕೆಲವು, ಅಗ್ಗದ ಯುಪಿಎಸ್ ಕೊಡುವ ಚೌಕಾಕಾರದ ಅಲೆಯ ಕರೆಂಟಿಗೆ ಒಗ್ಗದೆ ಆಫ್ ಆಗುತ್ತವೆ. ರೌಟರನ್ನೂ ಯುಪಿಎಸ್‌ಗೇ ಜೋಡಿಸಿ. ಕಂಪ್ಯೂಟರ್ ಉಳಿದು ರೌಟರ್ ಆರಿದರೂ ಲೈವ್ ಹೋದಂತೆಯೇ.

ಎಸ್‌ಎಂಪಿಎಸ್ ಮೇಲಿನ ಚೀಟಿ ಓದುವುದನ್ನು ಕಲಿಯಿರಿ. ಕ್ಯಾಬಿನೆಟ್ ಜೊತೆ ಬಂದದ್ದರ ಮೇಲೆ 450 ವ್ಯಾಟ್ ಎಂದಿರುತ್ತದೆ, ಆದರೆ ಕಾರ್ಡಿಗೆ ಬೇಕಾದುದು 12 ವೋಲ್ಟಿನ ಸಾಲು. ಅಲ್ಲಿ 18 ಆಂಪಿಯರ್ ಎಂದಿದ್ದರೆ 12 ಗುಣಿಸು 18, ಅಂದರೆ 216 ವ್ಯಾಟ್ ಅಷ್ಟೇ. 3060ಕ್ಕೆ ಎನ್ವಿಡಿಯಾ ಸೂಚಿಸುವುದು 550 ವ್ಯಾಟಿನ ಎಸ್‌ಎಂಪಿಎಸ್. 8 ಪಿನ್ ಕೇಬಲ್ ಇಲ್ಲವೆಂದು ಸಾಟಾದಿಂದ ಎಳೆಯುವ ಅಡಾಪ್ಟರ್ ಹಾಕಲೇಬೇಡಿ. ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ತಡೆಯುವುದು 54 ವ್ಯಾಟ್, 8 ಪಿನ್ ಕೊಡಬೇಕಾದುದು 150. ಕನೆಕ್ಟರ್ ಕರಗಿ ಬೆಂಕಿ ಹತ್ತುವ ದಾರಿ ಅದು. ಎರಡು 8 ಪಿನ್ ಕೇಳುವ ಕಾರ್ಡಿಗೆ ಒಂದೇ ಕೇಬಲ್ಲಿನ ಎರಡು ತುದಿ ಹಾಕದೆ, ಎರಡು ಬೇರೆ ಕೇಬಲ್ ತನ್ನಿ.

ಯಂತ್ರ ಆರಿ ಮತ್ತೆ ಎದ್ದ ಮೇಲೆ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ದಾಖಲೆ ನೋಡಿ. ಕರ್ನಲ್ ಪವರ್ 41 ಎಂದಿದ್ದರೆ ಯಂತ್ರ ಸರಿಯಾಗಿ ಮುಚ್ಚದೆ ನಿಂತಿತು ಎಂದರ್ಥ, ವಿದ್ಯುತ್ತನ್ನು ಮೊದಲು ಶಂಕಿಸಿ. ಡಿಸ್‌ಪ್ಲೇ 4101 ಎಂದಿದ್ದರೆ ಕಾರ್ಡಿನ ಡ್ರೈವರ್ ಉತ್ತರ ಕೊಡದೆ ಮತ್ತೆ ಶುರುವಾಗಿದೆ. ಅಲ್ಲಿ ಡ್ರೈವರ್, ಓವರ್‌ಕ್ಲಾಕ್, ಶಾಖ ಈ ಮೂರನ್ನು ನೋಡಬೇಕು.

ಶಾಖದ ಮಾತು ಬಂತು. ಗದಗ ಕಡೆಯ ಏಪ್ರಿಲ್ ಮಧ್ಯಾಹ್ನ ಕೋಣೆಯೇ ಕಾದಿರುತ್ತದೆ, ಎರೆನೆಲದ ಧೂಳು ಹಿಟ್ಟಿನಷ್ಟು ನುಣುಪು, ಹೀಟ್‌ಸಿಂಕಿನ ಎಲೆಗಳ ನಡುವೆ ಕೂತು ಗಟ್ಟಿಯಾಗುತ್ತದೆ. ಲೈವ್ ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಕೆಡುವುದು ಶಾಖದ ಗುರುತು. ಎನ್ವಿಡಿಯಾದ ಎಷ್ಟೋ ಕಾರ್ಡುಗಳು 83 ಡಿಗ್ರಿ ಸುಮಾರಿಗೆ ವೇಗ ಇಳಿಸಿಕೊಳ್ಳುತ್ತವೆ. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು ಆಡಿ ನೋಡಿ, 8–10 ಡಿಗ್ರಿ ಇಳಿದರೆ ಗಾಳಿಯ ದಾರಿಯೇ ಕಟ್ಟಿದೆ. ಬ್ಲೋವರ್ ಹಿಡಿಯುವಾಗ ಕಾರ್ಡಿನ ಫ್ಯಾನನ್ನು ಬೆರಳಿನಿಂದ ತಡೆದು ಹಿಡಿಯಿರಿ, ಗಾಳಿಗೆ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಬಡಿಸುವಲ್ಲಿ ತಡ

ನೆಟ್‌ವರ್ಕ್ ಎಣಿಕೆ ಏರುತ್ತಿದ್ದರೆ ಕಾರ್ಡಿಗೂ ಅದಕ್ಕೂ ನೇರ ಸಂಬಂಧ ಇಲ್ಲ. ಹೊಸ ಕಾರ್ಡಿನ ಹುರುಪಿನಲ್ಲಿ 720ರಿಂದ 1080ಕ್ಕೆ, 3000ದಿಂದ 6000ಕ್ಕೆ ಏರಿಸಿದ್ದೇ ಕಾರಣ. 6000 ಕೆಬಿಪಿಎಸ್ ನೆಮ್ಮದಿಯಾಗಿ ಹೋಗಲು 9–10 ಎಂಬಿಪಿಎಸ್ ಅಪ್‌ಲೋಡ್ ಬೇಕು. ಸ್ಪೀಡ್ ಟೆಸ್ಟಿನಲ್ಲಿ ಡೌನ್‌ಲೋಡ್ ಅಂಕಿ ನೋಡಿ ಸಮಾಧಾನ ಪಡಬೇಡಿ. ಧ್ವನಿಯೂ ಸೇರಿ ಗಂಟೆಗೆ 2.8 ಜಿಬಿ ಹತ್ತಿರ ಹೋಗುತ್ತದೆ. ಮುಂಡರಗಿಯಲ್ಲೋ ಹಿರೇಕೆರೂರಿನಲ್ಲೋ ಮೊಬೈಲ್ ಹಾಟ್‌ಸ್ಪಾಟಿನಿಂದ ಲೈವ್ ಹೋಗುವವರ ದಿನದ 2 ಜಿಬಿ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಅಂಥವರು 720, 30 ಫ್ರೇಮ್, 2500 ಕೆಬಿಪಿಎಸ್ ಇಟ್ಟರೆ ಗಂಟೆಗೆ 1.2 ಜಿಬಿ. ರೌಟರಿದ್ದರೆ ಲ್ಯಾನ್ ಕೇಬಲ್ ಎಳೆಯಿರಿ. ಅಡ್ವಾನ್ಸ್ಡ್ ಪುಟದಲ್ಲಿ ಬಿಟ್‌ರೇಟ್ ತಾನೇ ಏರಿಳಿಸುವ ಆಯ್ಕೆಯನ್ನೂ ಆನ್ ಮಾಡಿಕೊಳ್ಳಿ.

ಪರದೆ ಕಪ್ಪು, ಧ್ವನಿ ಮಾಯ

ಮಾನಿಟರಿನ ಕೇಬಲ್ ಇನ್ನೂ ಮದರ್‌ಬೋರ್ಡಿನ ಎಚ್‌ಡಿಎಂಐಗೇ ಇದೆಯೇ ನೋಡಿ. ಇದ್ದರೆ ಗೇಮಿನ ಚಿತ್ರ ಕಾರ್ಡಿನಿಂದ ಒಳಗಿನ ಗ್ರಾಫಿಕ್ಸ್‌ಗೆ ಸುತ್ತಿ ಬರುತ್ತದೆ, ಒಬಿಎಸ್ ಎರಡರ ನಡುವೆ ಸಿಕ್ಕು ಡಿಸ್‌ಪ್ಲೇ ಕ್ಯಾಪ್ಚರ್ ಕಪ್ಪಾಗಬಹುದು. ಕೇಬಲ್ ಕಾರ್ಡಿಗೆ ಹಾಕಿ. ಗೇಮ್ ಕ್ಯಾಪ್ಚರ್ ಮಾತ್ರ ಕಪ್ಪಾದರೆ ಅದರ ಪ್ರಾಪರ್ಟೀಸ್‌ನಲ್ಲಿ ಆ್ಯಂಟಿ ಚೀಟ್ ಹೊಂದಾಣಿಕೆಯ ಆಯ್ಕೆ ಆನ್ ಇರಲಿ, ಆಗದಿದ್ದರೆ ವಿಂಡೋ ಕ್ಯಾಪ್ಚರ್ ಬಳಸಿ. ಬಣ್ಣ ತೊಳೆದಂತೆ ಕಂಡರೆ ವಿಂಡೋಸಿನಲ್ಲಿ ಎಚ್‌ಡಿಆರ್ ಆನ್ ಆಗಿದೆ.

ಧ್ವನಿ ಹೋಗುವುದಕ್ಕೆ ಕಾರಣ ಸರಳ. ಹೊಸ ಡ್ರೈವರ್ ತನ್ನದೇ ಎಚ್‌ಡಿಎಂಐ ಆಡಿಯೋ ಸಾಧನವನ್ನು ಹಾಕುತ್ತದೆ, ವಿಂಡೋಸ್ ಅದನ್ನೇ ಡೀಫಾಲ್ಟ್ ಮಾಡಿಕೊಂಡು ಸ್ಪೀಕರ್ ಇಲ್ಲದ ಮಾನಿಟರಿಗೆ ಧ್ವನಿ ಕಳಿಸುತ್ತದೆ. ಒಬಿಎಸ್ ಆಡಿಯೋ ಸೆಟ್ಟಿಂಗಿನಲ್ಲಿ ಡೀಫಾಲ್ಟ್ ಬಿಟ್ಟು ನಿಮ್ಮ ಹೆಡ್‌ಫೋನಿನ ಹೆಸರನ್ನೇ ಆರಿಸಿ, ವಿಂಡೋಸಿನಲ್ಲೂ ಅದನ್ನೇ ಇಡಿ, ಎರಡು ಕಡೆಯೂ 48 ಕಿಲೋಹರ್ಟ್ಸ್ ಇರಲಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬದಲಿಸಿದ್ದನ್ನು ಬರೆದಿಡಿ, ರಿಸೆಟ್ ಒತ್ತಿ ಹತ್ತು ನಿಮಿಷ ಓಡಿಸಿ. ಮೂರೂ ಎಣಿಕೆ ನಿಂತ ಮೇಲೆ ಯೂಟ್ಯೂಬಿನಲ್ಲಿ ಪ್ರೈವೇಟ್ ಲೈವ್ ಅರ್ಧ ಗಂಟೆ ಹೋಗಿ, ಫೋನಿನ ಮೊಬೈಲ್ ಡೇಟಾದಲ್ಲಿ ನೀವೇ ತೆರೆದು ನೋಡಿ. ಅದೂ ಸರಿ ಬಂದರೆ ಪ್ರೊಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಕೊಟ್ಟು ಪೆನ್‌ಡ್ರೈವಿಗೆ ತೆಗೆದಿಡಿ.